ಬೇಸಿಗೆಯಲ್ಲಿ ಅಳೆದ ಹಳ್ಳ

ನಮ್ಮ ಕಡೆ ಮೋರಿ, ಕಿರುಸೇತುವೆಗಳ ಎಸ್ಟಿಮೇಟ್ ತಯಾರಾಗುವುದು ಹೆಚ್ಚಾಗಿ ಬೇಸಿಗೆಯಲ್ಲಿ. ಆಗ ಹಳ್ಳದಲ್ಲಿ ಪಾದ ನೆನೆಯುವಷ್ಟು ನೀರಿರುತ್ತದೆ. ಟೇಪು ಹಿಡಿದು ಆ ನೀರಿನ ಅಗಲ ಅಳೆದು ಎರಡು ಪೈಪು ಸಾಕೆಂದು ಬರೆದು ಸಹಿ ಹಾಕುವುದು ಸುಲಭ. ಆಷಾಢ ಬಂದರೆ ಅದೇ ಹಳ್ಳ ತೋಟದ ಕಾದಿಗೆಗಳನ್ನು ತುಂಬಿ, ಗದ್ದೆಯ ಬದು ಕೊರೆದು, ಪೈಪುಗಳನ್ನು ಬದಿಗೆ ತಳ್ಳಿ ಹರಿಯುತ್ತದೆ. ತೀರ್ಥಹಳ್ಳಿ ತಾಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮಿಕ್ಕಿ ಮಳೆ ಬೀಳುತ್ತದೆಂದು ಎಂಜಿನಿಯರಿಂಗ್ ಓದಿದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಗೊತ್ತಿದ್ದೂ ಬೇಸಿಗೆಯ ಹಳ್ಳಕ್ಕೆ ಸಹಿ ಹಾಕಿದವರು ಮಾಡಿದ್ದು ತಪ್ಪು ಲೆಕ್ಕವಲ್ಲ, ಸುಳ್ಳು ಲೆಕ್ಕ. ಅಡಿಕೆ ದಬ್ಬೆಯ ಕಾಲುಸಂಕದ ಮೇಲೆ ಮಕ್ಕಳನ್ನು ಶಾಲೆಗೆ ಕಳಿಸಿ, ಸಂಜೆ ಅವರು ಮನೆ ಸೇರುವವರೆಗೂ ಜೀವ ಕೈಯಲ್ಲಿ ಹಿಡಿದು ಕೂರುವ ತಾಯಂದಿರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು.

ಸಾಗರ, ಹೊಸನಗರ, ತೀರ್ಥಹಳ್ಳಿಯ ಜನ ಎಂಜಿನಿಯರುಗಳ ವಿರೋಧಿಗಳಲ್ಲ. ಆ ವಿದ್ಯೆಯ ಎತ್ತರವನ್ನು ಈ ಸೀಮೆ ಕಣ್ಣಾರೆ ಕಂಡಿದೆ. ಸಾಗರ ತಾಲೂಕಿನ ಮಡೇನೂರಿನಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟಿನಲ್ಲಿ ಹೆಚ್ಚಾದ ನೀರು ತಾನಾಗಿಯೇ ಹೊರಬೀಳುವಂತೆ ಮಾಡಿದ್ದು ಗಣೇಶ ಅಯ್ಯರ್ ಅವರ ಸೈಫನ್ ವ್ಯವಸ್ಥೆ. ನಡುರಾತ್ರಿ ನೆರೆ ಏರಿದಾಗ ಗೇಟು ಎತ್ತಲು ಆಳಿಗಾಗಿ ಕಾಯುವ ಪ್ರಮೇಯವೇ ಅಲ್ಲಿರಲಿಲ್ಲ. 1948ರಲ್ಲಿ ಜೋಗದ ವಿದ್ಯುದಾಗಾರ ಶುರುವಾದದ್ದು ಆ ನೀರಿನಿಂದ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಮಡೇನೂರು ಒಡ್ಡು ಹಿನ್ನೀರಿನಡಿ ಸೇರಿತು. ಬೇಸಿಗೆಯಲ್ಲಿ ನೀರು ತೀರ ಇಳಿದ ವರ್ಷಗಳಲ್ಲಿ ಅದು ಇಂದಿಗೂ ಗಟ್ಟಿಯಾಗಿ ಮೇಲೇಳುತ್ತದೆ. ಮಳೆಗಾಲವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಕೆಲಸ ಹಾಗಿರುತ್ತದೆ.

ಆದರೆ ಲಿಂಗನಮಕ್ಕಿಯ ಕಡತದಲ್ಲಿ ಎಲ್ಲವೂ ಅಷ್ಟು ಗಟ್ಟಿಯಾಗಿರಲಿಲ್ಲ. ನೀರು ನಿಲ್ಲುವ ಗರಿಷ್ಠ ಮಟ್ಟ 1,819 ಅಡಿ, ಸಂಗ್ರಹ ಸುಮಾರು 151 ಟಿಎಂಸಿ, ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್. ಈ ಅಂಕಿಗಳಲ್ಲಿ ಒಂದೂ ಹುಸಿಯಾಗಲಿಲ್ಲ. ಮುಳುಗಿದ ಮನೆ, ಗದ್ದೆ, ತೋಟಗಳ ಜನ ಎಲ್ಲಿಗೆ ಹೋಗುತ್ತಾರೆ, ಯಾವ ಪಹಣಿಯ ಮೇಲೆ ಬಾಳುತ್ತಾರೆ ಎಂಬ ಲೆಕ್ಕ ಮಾತ್ರ ಅರ್ಧಕ್ಕೇ ನಿಂತಿತು. ಕಾಡಿನಲ್ಲಿ ಜಾಗ ತೋರಿಸಿದರು, ಹಕ್ಕುಪತ್ರ ಪೂರ್ತಿ ಮಾಡಲಿಲ್ಲ. ಮುಂದೆ ರಾಜ್ಯ ಸರ್ಕಾರ ಆ ಭೂಮಿಯನ್ನು ಅರಣ್ಯದಿಂದ ಬಿಡಿಸಲು ಹೊರಡಿಸಿದ ಅಧಿಸೂಚನೆಗಳು ಕೇಂದ್ರದ ಪೂರ್ವಾನುಮತಿ ಇಲ್ಲವೆಂಬ ಕಾರಣಕ್ಕೆ 2021ರಲ್ಲಿ ಹೈಕೋರ್ಟಿನ ಮುಂದೆ ನಿಲ್ಲಲಿಲ್ಲ. ನಾಡಿಗೆ ಬೆಳಕು ಕೊಟ್ಟು ಮುಳುಗಿದ ಕುಟುಂಬಗಳ ಮೊಮ್ಮಕ್ಕಳು ಇಂದಿಗೂ ತಾಲೂಕು ಕಚೇರಿಯ ಮೆಟ್ಟಿಲು ಹತ್ತುತ್ತಿದ್ದಾರೆ.

ತುಮರಿ ಸೀಮೆಯ ಕಥೆಯೂ ಇದೇ. ಲಿಂಗನಮಕ್ಕಿಯ ಹಿನ್ನೀರು ಅಲ್ಲಿನ ಊರುಗಳನ್ನು ದ್ವೀಪ ಮಾಡಿತು. ಹೆರಿಗೆ ನೋವಿನ ಹೆಣ್ಣುಮಗಳೂ ಹಾವು ಕಚ್ಚಿದ ರೈತನೂ ಲಾಂಚಿಗಾಗಿ ದಡದಲ್ಲಿ ಕಾದರು. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸುಮಾರು 2.4 ಕಿ.ಮೀ. ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಅಣೆಕಟ್ಟು ಮುಗಿದು 61 ವರ್ಷಗಳ ಮೇಲೆ. ನೀರು ಎಲ್ಲಿಯವರೆಗೆ ನಿಲ್ಲುತ್ತದೆಂದು ಅಡಿ ಅಂಗುಲದಲ್ಲಿ ಬಲ್ಲ ಇಲಾಖೆಗೆ ಆ ನೀರಿನಾಚೆ ಜನ ಉಳಿಯುತ್ತಾರೆಂಬುದು ಮೊದಲ ದಿನವೇ ಗೊತ್ತಿತ್ತು. ಶರಾವತಿ ಯೋಜನೆಯ ಕಾಲದಲ್ಲಿ ಲೋಕೋಪಯೋಗಿ ಇಲಾಖೆಯ ಗುಮಾಸ್ತರಾಗಿದ್ದ ನಾ. ಡಿಸೋಜ ಅವರು ಅದನ್ನೆಲ್ಲ ಕಂಡು ‘ಮುಳುಗಡೆ’, ‘ದ್ವೀಪ’ ಬರೆದರು. ಅದೇ ಕಚೇರಿಗಳಲ್ಲಿ ಕೂತು ಅದೇ ಕಡತಗಳಿಗೆ ಸಹಿ ಹಾಕಿದ ಎಂಜಿನಿಯರುಗಳಲ್ಲಿ ಎಷ್ಟು ಜನ ಜನರ ಪರವಾಗಿ ಒಂದು ಸಾಲಿನ ಷರಾ ಬರೆದರು? ಈ ಪ್ರಶ್ನೆಗೆ ಆ ವೃತ್ತಿ ಇಂದಿಗೂ ಉತ್ತರಿಸಿಲ್ಲ.

ಅದೇ ಪರೀಕ್ಷೆ ಈಗ ಮತ್ತೆ ಎದುರಿಗಿದೆ. ಸಾಗರ ತಾಲೂಕಿನ ತಳಕಳಲೆ ಜಲಾಶಯ ಮತ್ತು ಕೆಳಗಿನ ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಕಟ್ಟಲು ಕರ್ನಾಟಕ ವಿದ್ಯುತ್ ನಿಗಮ ಹೊರಟಿದೆ. ಹಗಲಿನ ಹೆಚ್ಚುವರಿ ವಿದ್ಯುತ್ತಿನಿಂದ ನೀರನ್ನು ಮೇಲಕ್ಕೆತ್ತುವುದು, ಸಂಜೆಯ ಬೇಡಿಕೆಗೆ ಅದನ್ನು ಕೆಳಗಿಳಿಸಿ ವಿದ್ಯುತ್ ತೆಗೆಯುವುದು ಇದರ ಕ್ರಮ. ಇಂಥ ಏರಿಳಿತದಲ್ಲಿ ಸುಮಾರು ಐದನೇ ಒಂದು ಪಾಲಿನಷ್ಟು ವಿದ್ಯುತ್ ಕಳೆದುಹೋಗುತ್ತದೆ. ಸುರಂಗಗಳು, ನೆಲದಡಿಯ ವಿದ್ಯುದಾಗಾರ, ರಸ್ತೆಗಳು ಬರುವುದು 2019ರಲ್ಲಿ ಘೋಷಣೆಯಾದ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದಲ್ಲಿ. ಸುಮಾರು 16,000 ಮರಗಳು ಉರುಳಬೇಕು. ಸಿಂಗಳೀಕ ಮರದ ತುದಿಯಿಂದ ತುದಿಗೆ ಬದುಕುವ ಜೀವಿ. ಕಾಡಿನ ಚಾವಣಿ ಒಂದು ಕಡೆ ಹರಿದರೆ ಅದರ ಕುಲ ಎರಡು ತುಂಡಾಗುತ್ತದೆ. 2025ರ ಜೂನ್‌ನಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ತಾತ್ವಿಕ ಒಪ್ಪಿಗೆ ಕೊಟ್ಟಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ನಡೆದ ಸಾರ್ವಜನಿಕ ಅಹವಾಲು ಸಭೆಗಳಲ್ಲಿ ಜನ ಎದ್ದು ನಿಂತು ಬೇಡ ಎಂದರು. ದೇಶ ಎಂಜಿನಿಯರುಗಳ ದಿನ ಆಚರಿಸುವುದೂ ಸೆಪ್ಟೆಂಬರಿನಲ್ಲೇ.

ಯೋಜನೆಯ ಪರವಾದ ವಾದ ಹುರುಳಿಲ್ಲದ್ದಲ್ಲ. ಸೂರ್ಯ ಮುಳುಗಿದ ಮೇಲೆ ಸೌರಫಲಕ ದುಡಿಯುವುದಿಲ್ಲ, ವಿದ್ಯುತ್ತನ್ನು ಕೂಡಿಡುವ ದಾರಿ ನಾಡಿಗೆ ಬೇಕೇ ಬೇಕು. ಆದರೆ ಕೂಡಿಡಬೇಕೆಂಬುದು ಒಂದು ಪ್ರಶ್ನೆ, ಇದೇ ಕಣಿವೆಯಲ್ಲಿ ಕೂಡಿಡಬೇಕೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಸಿಕ್ಕ ಉತ್ತರವನ್ನೇ ಎರಡನೆಯದಕ್ಕೂ ಅಂಟಿಸುವುದು ಅಪ್ರಾಮಾಣಿಕತೆ. ನದಿಯನ್ನೂ ದಟ್ಟಕಾಡನ್ನೂ ಮುಟ್ಟದ ಜಾಗಗಳಲ್ಲಿ ಇಂಥ ಯೋಜನೆ ಕಟ್ಟಬಹುದು, ಬ್ಯಾಟರಿಯ ದಾರಿಯೂ ಇದೆ. ಕಡಿದ ಗುಡ್ಡ ಏನು ಮಾಡುತ್ತದೆಂದು ಘಟ್ಟದ ಕೆಳಗಿನ ಶಿರೂರು 2024ರ ಜುಲೈ 16ರಂದು ತೋರಿಸಿತು. ಹೆದ್ದಾರಿಗಾಗಿ ಬುಡ ಕಡಿಸಿಕೊಂಡ ಗುಡ್ಡ ಮಳೆಯಲ್ಲಿ ಕುಸಿದು ರಸ್ತೆಯ ಮೇಲಿದ್ದವರನ್ನು ಗಂಗಾವಳಿ ನದಿಗೆ ತಳ್ಳಿತು. ಆ ಸಾವುಗಳ ಮುಂದೆ ಪ್ರಕೃತಿ ವಿಕೋಪ ಎಂಬ ಪದ ಬಳಸಲು ಎಂಜಿನಿಯರಿಗೆ ಹಕ್ಕಿಲ್ಲ.

ಇಲ್ಲಿ ಧರ್ಮಸಂಕಟವಿದೆಯೆಂದು ಹೇಳುವವರಿದ್ದಾರೆ. ಮೇಲಧಿಕಾರಿಯ ಒತ್ತಡ, ಗುತ್ತಿಗೆದಾರನ ಬಿಲ್ಲು, ವರ್ಗಾವಣೆಯ ಭಯ, ಮಂತ್ರಿಯ ಗಡುವು. ಅಳತೆಯ ಎಂ.ಬಿ. ಪುಸ್ತಕ ತೆರೆದು ಕೂತ ಕಿರಿಯ ಎಂಜಿನಿಯರ್‌ನ ಹೆಗಲ ಮೇಲೆ ಇವೆಲ್ಲ ಕೂತಿರುತ್ತವೆ. ಅವರ ಕಷ್ಟ ನಮಗೆ ಅರ್ಥವಾಗುತ್ತದೆ. ಆದರೂ ಯಾರ ಹಿತ ಮೊದಲು ಎಂಬುದರಲ್ಲಿ ಸಂಕಟಕ್ಕೆ ಜಾಗವಿಲ್ಲ. ಸಂಬಳ ಕೊಡುವವರು ಎರಡನೆಯವರು, ಸೇತುವೆಯ ಮೇಲೆ ನಡೆಯುವವರು ಮತ್ತು ಗುಡ್ಡದ ಬುಡದಲ್ಲಿ ಮಲಗುವವರು ಮೊದಲಿನವರು.

ವ್ಯವಸ್ಥೆಯೇ ಈ ಕ್ರಮವನ್ನು ತಲೆಕೆಳಗು ಮಾಡಿ ಇಟ್ಟಿದೆ. ಪರಿಸರ ಪರಿಣಾಮದ ವರದಿ ಬರೆಯುವ ಸಂಸ್ಥೆಯನ್ನು ಆರಿಸಿ ಹಣ ಕೊಡುವವರು ಯೋಜನೆ ಕಟ್ಟುವವರೇ. ಪೂರ್ತಿ ವರದಿ ಇಂಗ್ಲಿಷಿನಲ್ಲಿ, ಊರಿನವರ ಕೈಗೆ ಕನ್ನಡದ ಸಾರಾಂಶ. ವಕೀಲರಿಗೆ 1961ರ ಕಾಯ್ದೆಯಿದೆ, ವಾಸ್ತುಶಿಲ್ಪಿಗಳಿಗೆ 1972ರ ಕಾಯ್ದೆಯಿದೆ, ತಪ್ಪು ಮಾಡಿದ ವೈದ್ಯರ ನೋಂದಣಿ ರದ್ದಾಗುತ್ತದೆ. ಅಣೆಕಟ್ಟು, ಸೇತುವೆ, ಸುರಂಗಕ್ಕೆ ಸಹಿ ಹಾಕುವ ಎಂಜಿನಿಯರುಗಳಿಗೆ ಮಾತ್ರ ಇಡೀ ದೇಶಕ್ಕೆ ಅನ್ವಯಿಸುವ ಅಂಥ ಶಾಸನಬದ್ಧ ಪರಿಷತ್ತು ಇಲ್ಲ.

ಆದ್ದರಿಂದ ನಮ್ಮ ನಿಲುವು ಸ್ಪಷ್ಟ. ಶರಾವತಿ ಕಣಿವೆಯ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಸರ್ಕಾರ ಕೈಬಿಡಬೇಕು. ಪರಿಣಾಮದ ವರದಿ ಬರೆಯುವವರ ಸಂಬಳ ಯೋಜನೆ ಕಟ್ಟುವವರ ಕೈಯಿಂದ ತಪ್ಪಬೇಕು, ಪೂರ್ತಿ ವರದಿ ಕನ್ನಡದಲ್ಲಿ ಗ್ರಾಮ ಪಂಚಾಯಿತಿಗೆ ಬರಬೇಕು. ಎಂಜಿನಿಯರ್ ಬರೆದ ಭಿನ್ನಾಭಿಪ್ರಾಯ ಕಡತದಲ್ಲಿ ಉಳಿಯಬೇಕು, ಹಾಗೆ ಬರೆದವರಿಗೆ ವರ್ಗಾವಣೆಯ ಶಿಕ್ಷೆಯಾಗಬಾರದು. ಸುಳ್ಳು ಲೆಕ್ಕಕ್ಕೆ ಸಹಿ ಹಾಕಿದವರ ನೋಂದಣಿ ರದ್ದು ಮಾಡುವ ಕಾನೂನು ಬರಬೇಕು. ಶರಾವತಿಯ ಸಂತ್ರಸ್ತರ ಹಕ್ಕುಪತ್ರ ಮುಗಿಯುವವರೆಗೆ ಈ ನದಿಯ ಮೇಲೆ ಹೊಸ ಯೋಜನೆಯ ಮಾತೆತ್ತುವ ನೈತಿಕ ಅರ್ಹತೆ ಯಾವ ಸರ್ಕಾರಕ್ಕೂ ಇಲ್ಲ.

ಎಂಜಿನಿಯರುಗಳಿಗೆ ನಾವು ಹೇಳುವುದು ಇಷ್ಟು. ಎಸ್ಟಿಮೇಟ್ ಹಿಡಿದು ಒಮ್ಮೆ ಆಷಾಢದಲ್ಲಿ ಬನ್ನಿ. ಹಳ್ಳದ ದಡದಲ್ಲಿ, ಕಾಲುಸಂಕದ ಈಚೆ ತುದಿಯಲ್ಲಿ, ಶಾಲೆ ಬಿಡುವ ಹೊತ್ತಿಗೆ ನಿಲ್ಲಿ. ಸಹಿ ಆಮೇಲೆ ಹಾಕಿ.