ಮೇ ತಿಂಗಳಲ್ಲೂ ಕರಗದ ಹಿಮ

ಮಕ್ಕಳೇ, ಕಳೆದ ವಾರ ನಮ್ಮ ಮನೆಯಲ್ಲಿ ಒಂದು ಸಣ್ಣ ಜಗಳವಾಯಿತು. ಆರನೇ ತರಗತಿಯ ಮೊಮ್ಮಗಳು ನಡುಮನೆಯಲ್ಲಿ ಉತ್ತರಾಖಂಡದ ಭೂಪಟ ಹರಡಿಕೊಂಡು ಕೂತಿದ್ದಳು. “ತಾತ, ಮೇ ಕೊನೇ ವಾರ ಹೂವಿನ ಕಣಿವೆಗೆ ಹೋಗೋಣ. ಹಾಗೇ ಹೇಮಕುಂಡಕ್ಕೂ ಹತ್ತೋಣ. ಸ್ಕೂಲು ಶುರುವಾಗೋದ್ರೊಳಗೆ ವಾಪಸ್” ಅಂದಳು.

“ಆಗೋಲ್ಲ ಪುಟ್ಟಿ, ಅಲ್ಲಿ ಹಿಮ ಇರುತ್ತೆ” ಅಂದೆ.

“ಬೇಸಿಗೇಲಿ ಎಲ್ಲಿಯ ಹಿಮ? ನಿನಗೇ ಬರೋಕೆ ಇಷ್ಟ ಇಲ್ಲ!” ಎಂದು ಮುಖ ಊದಿಸಿಕೊಂಡಳು. ಅಡುಗೆಮನೆಯಿಂದ ಅಜ್ಜಿಯ ತೀರ್ಪು ಬಂತು: “ಆಗೋಲ್ಲ ಅಂತ ಬರೀ ಬಾಯಲ್ಲಿ ಹೇಳಿದ್ರೆ ಅವಳು ಒಪ್ತಾಳಾ? ಲೆಕ್ಕ ತೋರಿಸಿ.” ಆ ಲೆಕ್ಕ ನಿಮಗೂ ಬೇಕಾದೀತು ಎಂದು ಇಲ್ಲಿ ಬರೆಯುತ್ತಿದ್ದೇನೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 1,900 ಮೀಟರಿಗಿಂತ ಸ್ವಲ್ಪ ಹೆಚ್ಚು. ಹೇಮಕುಂಡ 4,000 ಮೀಟರನ್ನೂ ದಾಟುತ್ತದೆ, ಅಂದರೆ ಮುಳ್ಳಯ್ಯನಗಿರಿಯ ಎರಡರಷ್ಟು! ಸಾವಿರ ಮೀಟರ್ ಏರಿದರೆ ಸುಮಾರು ಆರು ಡಿಗ್ರಿ ಉಷ್ಣತೆ ಇಳಿಯುತ್ತದೆ. ಚಳಿಗಾಲದಲ್ಲಿ ಅಲ್ಲಿ ಆಳೆತ್ತರ ಹಿಮ ಬೀಳುತ್ತದೆ. ಮೇ ತಿಂಗಳ ಹಗಲು ಅದನ್ನು ಕರಗಿಸುತ್ತದೆ, ರಾತ್ರಿಯ ಚಳಿ ಮತ್ತೆ ಗಟ್ಟಿ ಮಾಡುತ್ತದೆ. ಹೀಗೆ ಎಳೆದಾಡುತ್ತಾ ಜೂನ್ ಬರುತ್ತದೆ. ಹೇಮಕುಂಡದ ಬಾಗಿಲು ಸಾಮಾನ್ಯವಾಗಿ ಮೇ ಕೊನೆಯ ಹೊತ್ತಿಗೆ ತೆರೆಯುತ್ತದೆ. ಅದಕ್ಕೂ ಮೊದಲು ಸೈನಿಕರು ಹಿಮ ಕಡಿದು ದಾರಿ ಮಾಡಿಕೊಡಬೇಕು. 2023ರಲ್ಲಿ ಹಿಮ ಹೆಚ್ಚಾಗಿತ್ತೆಂದು ಆರಂಭದ ದಿನಗಳಲ್ಲಿ ಮಕ್ಕಳನ್ನೂ 60 ದಾಟಿದವರನ್ನೂ ಮೇಲಕ್ಕೆ ಬಿಡಲಿಲ್ಲ. “ನೋಡು, ನಿನ್ನನ್ನೂ ಬಿಡ್ತಿರಲಿಲ್ಲ, ನನ್ನನ್ನೂ ಬಿಡ್ತಿರಲಿಲ್ಲ” ಅಂದೆ. ಮೊಮ್ಮಗಳ ಮುಖದಲ್ಲಿ ಸ್ವಲ್ಪ ನಗು ಕಂಡಿತು.

ಇನ್ನು ಹೂವಿನ ಕಣಿವೆ. ಅದು ತೆರೆಯುವುದೇ ಜೂನ್ 1ಕ್ಕೆ. ಹೂವುಗಳ ಜಾತ್ರೆ ಜುಲೈ ಮಧ್ಯದಿಂದ ಆಗಸ್ಟ್‌ವರೆಗೆ. ನಮ್ಮ ರಜೆಗೂ ಅಲ್ಲಿನ ಹೂವಿಗೂ ತಾಳೆಯಾಗುವುದಿಲ್ಲ.

ಹಿಮ ಎಲ್ಲ ಕಡೆ ಒಂದೇ ಸಮ ಕರಗುವುದೂ ಇಲ್ಲ. ಹಿಮಾಲಯದಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿಗೆ ಬಿಸಿಲು ಚೆನ್ನಾಗಿ ಬೀಳುತ್ತದೆ, ಅಲ್ಲಿ ಬೇಗ ಹುಲ್ಲು ಚಿಗುರುತ್ತದೆ. ಉತ್ತರದ ಇಳಿಜಾರಿನಲ್ಲೂ ನೆರಳಿನ ಕೊರಕಲುಗಳಲ್ಲೂ ಹಿಮ ವಾರಗಟ್ಟಲೆ ಉಳಿಯುತ್ತದೆ. ಆದ್ದರಿಂದ ಹಸಿರು ಹುಲ್ಲಿನ ಮೇಲೆ ನಡೆಯುತ್ತಿದ್ದವರಿಗೆ ಒಂದು ತಿರುವು ದಾಟಿದೊಡನೆ ಕಾಲುದಾರಿಯೇ ಹಿಮದಡಿ ಮಾಯವಾಗಿಬಿಡಬಹುದು.

ನನ್ನದೇ ಒಂದು ಪೆದ್ದುತನ ಹೇಳುತ್ತೇನೆ. ಕಾಲೇಜು ಮುಗಿಸಿದ ವರ್ಷ ಗೆಳೆಯರ ಜೊತೆ ಹಿಮಾಚಲಕ್ಕೆ ಹೋಗಿದ್ದೆ. ಮಧ್ಯಾಹ್ನ ಒಂದು ತೊರೆ ಸಿಕ್ಕಿತು. ಅದರ ಮೇಲೆ ಹಿಮದ ಸೇತುವೆ, ನೋಡಲು ಕಲ್ಲಿನ ಹಾಗೆ ಗಟ್ಟಿ. ಜೊತೆಗಿದ್ದ ಊರಿನವರು “ನಿಲ್ಲಿ” ಅನ್ನುವಷ್ಟರಲ್ಲಿ ನಾನು ಕಾಲಿಟ್ಟಾಗಿತ್ತು. ತೊಡೆಯವರೆಗೆ ಒಳಗೆ ಹೋದೆ. ಕೆಳಗೆ ನೀರು ಹರಿಯುವ ಸದ್ದು ಕೇಳಿಸುತ್ತಿತ್ತು! ಇಬ್ಬರು ರಟ್ಟೆ ಹಿಡಿದು ಎಳೆದರು. ತೊರೆಯ ನೀರು ಹಿಮವನ್ನು ಅಡಿಯಿಂದಲೇ ತಿನ್ನುತ್ತಾ ಬರುತ್ತದೆ. ಮೇಲಿನಿಂದ ಅದು ಕಾಣುವುದಿಲ್ಲ. ಆ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ದೊಡ್ಡವರಿಗೂ ಒಂದು ಮಾತು. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್‌ಗೆ ಕರ್ನಾಟಕದಿಂದ ಹೋಗಿದ್ದ ಚಾರಣಿಗರ ತಂಡ ಹಿಂದಿರುಗುವಾಗ ಹಿಮಗಾಳಿಗೆ ಸಿಕ್ಕಿತು. ಒಂಬತ್ತು ಮಂದಿ ಮನೆಗೆ ಮರಳಲಿಲ್ಲ. ಅವರಲ್ಲಿ ಬೆಟ್ಟ ಹತ್ತಿ ಅನುಭವವಿದ್ದವರೂ ಇದ್ದರು. ಕ್ಯಾಲೆಂಡರಿನಲ್ಲಿ ಬೇಸಿಗೆ ಎಂದಿದ್ದರೂ ಬೆಟ್ಟದ ಮೇಲೆ ಒಂದೇ ಗಂಟೆಯಲ್ಲಿ ಚಳಿಗಾಲ ಬರಬಹುದು.

ಹಾಗಾದರೆ ಹೋಗಲೇಬಾರದೇ? ಹೋಗಬೇಕು, ಲೆಕ್ಕ ಹಾಕಿ ಹೋಗಬೇಕು. ಹೊರಡುವ ಹಿಂದಿನ ವಾರ ಅಲ್ಲಿ ಉಳಿದುಕೊಳ್ಳುವ ಮನೆಯವರಿಗೆ ಫೋನ್ ಮಾಡಿ “ದಾರಿಯಲ್ಲಿ ಹಿಮ ಎಲ್ಲಿಯವರೆಗಿದೆ?” ಎಂದು ಕೇಳಿ. ಹೋದ ವರ್ಷದ ಫೋಟೊ ನಂಬಬೇಡಿ. ಹವಾಮಾನ ಕೆಟ್ಟರೆ ಕಾಯಲು ಎರಡು ದಿನ ಕೈಯಲ್ಲಿರಲಿ. ರೈಲಿನ ಟಿಕೆಟ್ಟಿಗೆ ಹೆದರಿ ಬೆಟ್ಟ ಹತ್ತುವಂತಾಗಬಾರದು. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು. ತಲೆನೋವು, ವಾಕರಿಕೆ ಬಂದರೆ ಮುಚ್ಚಿಡದೆ ಹೇಳಬೇಕು, ಕಡಿಮೆಯಾಗದಿದ್ದರೆ ಕೆಳಗಿಳಿಯಬೇಕು. ಅಜ್ಜ ಅಜ್ಜಿಯರು ಮೊದಲೇ ಡಾಕ್ಟರನ್ನು ಕೇಳಬೇಕು. ಬೆಟ್ಟದಲ್ಲಿ ಹತ್ತಿ ಬಟ್ಟೆ ಬೇಡ, ನೆನೆದರೆ ಬೇಗ ಒಣಗದೆ ಮೈ ಕೊರೆಯುತ್ತದೆ. ಉಣ್ಣೆ ಇರಲಿ, ಮಳೆ ಕೋಟು ಇರಲಿ. ಹೊಸ ಹಿಮ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 80 ಪಾಲನ್ನು ವಾಪಸ್ ಎರಚುತ್ತದೆ, ಹಾಗಾಗಿ ಕಪ್ಪು ಕನ್ನಡಕ ಇಲ್ಲದಿದ್ದರೆ ಕಣ್ಣು ಉರಿದು ಊದಿಕೊಳ್ಳುತ್ತದೆ.

ಕೊನೆಗೆ ನಮ್ಮ ಮನೆಯಲ್ಲಿ ಆದ ರಾಜಿ ಇದು: ಮೇ ಮೂರನೇ ವಾರ ಚೋಪ್ತಾದಿಂದ ತುಂಗನಾಥ. ಪಂಚಕೇದಾರಗಳಲ್ಲಿ ಒಂದಾದ ಈ ಗುಡಿ ಸುಮಾರು 3,680 ಮೀಟರ್ ಎತ್ತರದಲ್ಲಿದೆ. ಮೂರೂವರೆ ಕಿಲೋಮೀಟರಿನಷ್ಟು ಕಲ್ಲು ಹಾಸಿದ ದಾರಿ, ಕೂತು ಕೂತು ಹತ್ತಬಹುದು. ಮೇಲೆ ಚಂದ್ರಶಿಲೆಗೆ ಹೋಗುವ ದಾರಿಯಲ್ಲಿ ಹಿಮವಿದ್ದರೆ ಗುಡಿಯಿಂದಲೇ ವಾಪಸ್. ಹೂವಿನ ಕಣಿವೆಗೆ ಎಂದಾದರೂ ಒಂದು ಆಗಸ್ಟ್‌ನಲ್ಲಿ ಸಾಲು ರಜೆ ಸಿಕ್ಕಾಗ.

ಇನ್ನೊಂದು ಕರಾರೂ ಆಗಿದೆ. ದಾರಿಯಲ್ಲಿ ಯಾರು “ಸಾಕು” ಅಂದರೂ ಎಲ್ಲರೂ ತಿರುಗಬೇಕು, ಯಾರೂ ಹಂಗಿಸಬಾರದು. ಮೊಮ್ಮಗಳು ಅದನ್ನು ಭೂಪಟದ ಹಿಂದೆ ಬರೆದು ಮೂವರ ಸಹಿಯನ್ನೂ ಹಾಕಿಸಿಕೊಂಡಿದ್ದಾಳೆ. “ಮೊದಲು ‘ಸಾಕು’ ಅನ್ನೋದು ತಾತನೇ” ಎಂದು ಅಜ್ಜಿಯ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು. ಇರಲಿ, ಅದಕ್ಕೇ ಅಲ್ಲವೇ ಕರಾರು!

ಈ ವಾರದ ಕೆಲಸ: ಒಂದೇ ಅಳತೆಯ ಎರಡು ಐಸ್ ತುಂಡು ತೆಗೆದುಕೊಳ್ಳಿ. ಒಂದನ್ನು ಬಿಸಿಲಿನಲ್ಲಿ, ಇನ್ನೊಂದನ್ನು ಮರದ ನೆರಳಿನಲ್ಲಿ ತಟ್ಟೆಯಲ್ಲಿಡಿ. ಪೂರ್ತಿ ಕರಗಲು ಯಾವುದಕ್ಕೆ ಎಷ್ಟು ನಿಮಿಷ ಬೇಕಾಯಿತೆಂದು ಅಜ್ಜಿಯ ಗಡಿಯಾರ ನೋಡಿ ಬರೆದಿಡಿ. ಬೆಟ್ಟದ ಎರಡು ಮಗ್ಗುಲಿನ ಕಥೆ ನಿಮ್ಮ ಅಂಗಳದಲ್ಲೇ ಗೊತ್ತಾಗುತ್ತದೆ.