ಹಾಜರಿಗೆ ಹತ್ತು, ತಿದ್ದಿಕೊಂಡದ್ದಕ್ಕೆ ಸೊನ್ನೆ

ಕಲ್ಕತ್ತಾ ವಿಶ್ವವಿದ್ಯಾಲಯ ತನ್ನ ಮೊದಲ ಬಿ.ಎ. ಪರೀಕ್ಷೆ ನಡೆಸಿದ್ದು 1858ರಲ್ಲಿ. ಬರೆದ ಹತ್ತು ಮಂದಿಯಲ್ಲಿ ಎಲ್ಲ ವಿಷಯಗಳಲ್ಲೂ ತೇರ್ಗಡೆಯಾದವರು ಒಬ್ಬರೂ ಇರಲಿಲ್ಲ. ಒಂದೇ ವಿಷಯದಲ್ಲಿ ಸ್ವಲ್ಪದರಲ್ಲಿ ತಪ್ಪಿದ ಇಬ್ಬರಿಗೆ ಕೃಪಾಂಕವಿತ್ತು ಪದವಿ ನೀಡಿದರು. ಅವರಲ್ಲೊಬ್ಬರು ಬಂಕಿಮಚಂದ್ರರು, ಬಿ. ವೆಂಕಟಾಚಾರ್ಯರ ಅನುವಾದಗಳಿಂದ ಕನ್ನಡಿಗರಿಗೂ ಮನೆಯವರಾದವರು. ಆ ಕೃಪಾಂಕದ ಬಗ್ಗೆ ನಮಗೆ ತಕರಾರಿಲ್ಲ. ಆದರೆ ಪರೀಕ್ಷೆ ಮುಗಿದ ಮೇಲೆ ತೋರುವ ಔದಾರ್ಯವನ್ನು ಅಂದೇ ಕಲಿತ ವ್ಯವಸ್ಥೆ, ಕಲಿಯುವಾಗ ತಿದ್ದಿಕೊಳ್ಳಲು ಬಿಡುವ ಔದಾರ್ಯವನ್ನು ಇಂದಿಗೂ ಕಲಿತಿಲ್ಲವೆಂಬುದೇ ನಮ್ಮ ವಾದ.

ರಿಯಲ್ ಅನಾಲಿಸಿಸ್ ಎಂಬ ವಿಷಯವನ್ನೇ ತೆಗೆದುಕೊಳ್ಳೋಣ. ಪಿ.ಯು.ಸಿ.ವರೆಗೆ ಲೆಕ್ಕ ಮಾಡಿ ಉತ್ತರ ತಂದವರು ‘ಏಕೆ’ ಎಂದು ಸಾಧಿಸಲು ತೊಡಗುವುದು ಇಲ್ಲಿ. 2018ರಲ್ಲಿ ಜಾರಿಗೆ ಬಂದ ಪಠ್ಯಕ್ರಮದಂತೆ ಗಣಿತ ಆನರ್ಸ್‌ನ ಎರಡನೆಯ ಸೆಮಿಸ್ಟರಿನಲ್ಲಿ ಅದರ ನೂರು ಅಂಕಗಳು ಹೀಗೆ ಹಂಚಿಹೋಗಿದ್ದವು: ಲಿಖಿತ ಪರೀಕ್ಷೆಗೆ 65, ಟ್ಯುಟೋರಿಯಲ್‌ಗೆ 15, ಆಂತರಿಕ ಮೌಲ್ಯಮಾಪನಕ್ಕೆ 10, ಹಾಜರಿಗೆ 10. ಒಂದು ಪ್ರಮೇಯವನ್ನು ತಪ್ಪಾಗಿ ಸಾಧಿಸಿ, ತಪ್ಪನ್ನು ಕಂಡುಕೊಂಡು, ಮತ್ತೆ ಸರಿಯಾಗಿ ಬರೆದವನಿಗೆಂದು ಇಟ್ಟ ಅಂಕ ಒಂದೂ ಇಲ್ಲ. ಬೆಂಚಿನ ಮೇಲೆ ಕುಳಿತವನಿಗೆ ಹತ್ತು! 2023ರಲ್ಲಿ ನಾಲ್ಕು ವರ್ಷದ ಪದವಿ ಬಂದಿತು, ಚೌಕಟ್ಟು ಬದಲಾಯಿತು. ಅಂಕ ಕೊಡುವ ಮನಸ್ಸು ಬದಲಾದ ಲಕ್ಷಣ ನಮಗೆ ಕಾಣದು.

ಉತ್ತರಪತ್ರಿಕೆಯನ್ನು ತಿದ್ದುವ ಕ್ರಮವಾದರೂ ಹೇಗಿದೆ? ಹಂತಹಂತಕ್ಕೆ ಅಂಕ. ಲೆಕ್ಕಕ್ಕೆ ಅದು ನ್ಯಾಯ. ಸಾಧನೆಗೆ ಅದೇ ಅನ್ಯಾಯ. ಒಂದು ಉತ್ಪನ್ನ ಅವಿಚ್ಛಿನ್ನವೆಂದು ತೋರಿಸಲು ಮೊದಲು ಬಿಂದುವನ್ನು ಹಿಡಿದು, ಆಮೇಲೆ ಡೆಲ್ಟಾವನ್ನು ಆರಿಸಬಹುದು. ಏಕರೂಪವಾಗಿ ಅವಿಚ್ಛಿನ್ನವೆಂದು ತೋರಿಸಬೇಕಾದರೆ ಎಲ್ಲ ಬಿಂದುಗಳಿಗೂ ಒಂದೇ ಡೆಲ್ಟಾವನ್ನು ಮೊದಲೇ ಆರಿಸಬೇಕು. ಸಂಖ್ಯೆಯ ವರ್ಗವನ್ನು ಕೊಡುವ ಸರಳ ಉತ್ಪನ್ನವೇ ಇಡೀ ರೇಖೆಯ ಮೇಲೆ ಮೊದಲನೆಯದನ್ನು ಗೆದ್ದು ಎರಡನೆಯದರಲ್ಲಿ ಸೋಲುತ್ತದೆ. ಈ ಹಿಂದುಮುಂದನ್ನು ಅದಲುಬದಲು ಮಾಡಿದ ವಿದ್ಯಾರ್ಥಿ ಮಿಕ್ಕ ಸಾಲುಗಳನ್ನೆಲ್ಲ ಬಾಯಿಪಾಠದಂತೆ ಒಪ್ಪಿಸಿದ್ದರೆ ಐದಕ್ಕೆ ನಾಲ್ಕು ಸಿಕ್ಕೀತು. ವಿಷಯದ ತಿರುಳಿಗೇ ಒಂದು ಅಂಕದ ಬೆಲೆ! ಕಾಲೇಜ್ ಸ್ಟ್ರೀಟಿನಲ್ಲಿ ‘ಸಜೆಷನ್’ ಎಂಬ ಸಂಭವನೀಯ ಪ್ರಶ್ನೆಗಳ ಹೊತ್ತಗೆಗಳು ಬಿಸಿ ಕಚೋರಿಯಂತೆ ಮಾರಾಟವಾಗುವುದು ಈ ಅಂಕಗಣಿತವನ್ನು ನಂಬಿಯೇ. (ನಮ್ಮೂರಿನ ಗೈಡುಗಳ ಮುಂದೆ ಇವೇನೂ ಹೆಚ್ಚಲ್ಲ ಎಂಬುದನ್ನೂ ಹೇಳಬೇಕು.)

ಈ ಗೊಂದಲ ದಡ್ಡರಿಗೆ ಮಾತ್ರ ಆಗುವಂಥದ್ದಲ್ಲ. ಅವಿಚ್ಛಿನ್ನ ಉತ್ಪನ್ನಗಳ ಶ್ರೇಣಿ ಅಭಿಸರಿಸಿದರೆ ಮೊತ್ತವೂ ಅವಿಚ್ಛಿನ್ನವೆಂದು 1821ರಲ್ಲಿ ಬರೆದವನು ಸಾಕ್ಷಾತ್ ಕೋಶಿ. 1826ರಲ್ಲಿ ಆಬೆಲ್ ಅದಕ್ಕೆ ಅಪವಾದವಿದೆಯೆಂದು ತೋರಿಸಿದ. ಸ್ಟೋಕ್ಸ್, ಸೈಡೆಲ್ 1840ರ ದಶಕದಲ್ಲಿ ಕಾರಣವನ್ನು ಬಿಡಿಸಿದರು. ಕೋಶಿ ತನ್ನ ಪ್ರಮೇಯಕ್ಕೆ ಮರಳಿ ಅದನ್ನು ತಿದ್ದಿದ್ದು 1853ರಲ್ಲಿ. ಮೂವತ್ತೆರಡು ವರ್ಷ! ನಮ್ಮ ಹುಡುಗಿಯರಿಗೆ, ಹುಡುಗರಿಗೆ ನಾವು ಎರಡು ವಾರವನ್ನೂ ಕೊಡುವುದಿಲ್ಲ.

ಎದುರುವಾದವನ್ನು ನಾವು ಬಲ್ಲೆವು. ಬಿ.ಟಿ. ರಸ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನಲ್ಲಿ, ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್ ದಶಕಗಳ ಕಾಲ ದುಡಿದ ಆ ಸಂಸ್ಥೆಯಲ್ಲಿ, ಪಾಠ ಹೇಳಿದವರೇ ಪ್ರಶ್ನೆ ಹಾಕುತ್ತಾರೆ, ತಿದ್ದುತ್ತಾರೆ. ಮಧ್ಯಾವಧಿ ಪರೀಕ್ಷೆ, ಮನೆಗೆಲಸ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಅಲ್ಲಿ ತರಗತಿ ಚಿಕ್ಕದು. ನೂರಾರು ಕಾಲೇಜುಗಳಿರುವ ವಿಶ್ವವಿದ್ಯಾಲಯಕ್ಕೆ ಅದು ಸಾಧ್ಯವೇ? ಗುರುತಿಲ್ಲದ ಪರೀಕ್ಷಕನ ಮುಂದೆ ಸಿರಿವಂತನ ಮಗನೂ ಬಡವನ ಮಗಳೂ ಸಮಾನರಲ್ಲವೇ? ಎರಡನೆಯ ಪ್ರಶ್ನೆಗೆ ನಾವು ತಲೆಬಾಗುತ್ತೇವೆ. ಆದ್ದರಿಂದಲೇ ಲಿಖಿತ ಪರೀಕ್ಷೆಯನ್ನು ಕೈಬಿಡಿ ಎಂದು ನಾವು ಕೇಳುತ್ತಿಲ್ಲ. ಆದರೆ ಮನೆಯಲ್ಲಿ ಇಂಗ್ಲಿಷೂ ಇಲ್ಲದ, ಟ್ಯೂಷನ್ನೂ ಇಲ್ಲದ ಆ ಬಡವನ ಮಗಳಿಗೆ, ಮೊದಲ ಸಾರಿ ಎಡವಿದ್ದನ್ನೇ ಶಾಶ್ವತವಾಗಿ ದಾಖಲಿಸುವ ಪದ್ಧತಿ ಯಾವ ಸಮಾನತೆ? ಎರಡನೆಯ ಅವಕಾಶವನ್ನು ಸಿರಿವಂತ ಮನೆಯಲ್ಲೇ ಹಣ ಕೊಟ್ಟು ಕೊಳ್ಳುತ್ತಾನೆ.

ನಾವು ಕೇಳುವುದಿಷ್ಟು. ಹಾಜರಿಯ ಅಂಕವನ್ನು ರದ್ದುಮಾಡಿ ಟ್ಯುಟೋರಿಯಲ್‌ಗೆ ಸೇರಿಸಿ. ಸೆಮಿಸ್ಟರಿಗೆ ಆರು ಸಾಧನೆಗಳು ಸಾಕು. ಪ್ರತಿಯೊಂದಕ್ಕೂ ತೀರ್ಪು ಎರಡೇ: ‘ಆಯಿತು’ ಅಥವಾ ‘ಇನ್ನೂ ಆಗಿಲ್ಲ’. ಆಗದಿದ್ದರೆ ಎಲ್ಲಿ ಮುರಿದಿದೆಯೆಂದು ಒಂದು ಸಾಲಿನಲ್ಲಿ ಬರೆದು ಹಿಂದಿರುಗಿಸಿ. ಸೆಮಿಸ್ಟರ್ ಮುಗಿಯುವ ಮೊದಲು ಸರಿಪಡಿಸಿ ತಂದವರಿಗೆ ಪೂರ್ತಿ ಅಂಕ ಕೊಡಿ. ನಕಲು ಮಾಡುತ್ತಾರೆಂಬ ಭಯವೇ? ಹಿಂದಿರುಗಿ ಬಂದ ಹಾಳೆಯೊಡನೆ ಐದು ನಿಮಿಷ ಕಪ್ಪುಹಲಗೆಯ ಮುಂದೆ ನಿಲ್ಲಿಸಿ, ಡೆಲ್ಟಾ ಇಲ್ಲೇ ಏಕೆ ಬಂತು, ಒಂದು ಸಾಲು ಕೆಳಗೆ ಬಂದಿದ್ದರೆ ಏನಾಗುತ್ತಿತ್ತು ಎಂದು ಕೇಳಿ.