ಪುರಪಿತರಿಲ್ಲದ ಪುರ

ಬೀದಿಯ ದೀಪ, ಓಣಿಯ ಚರಂಡಿ, ನಲ್ಲಿಯ ನೀರು, ಕಸದ ಗಾಡಿ, ಇವು ದೊಡ್ಡವರು ಬಾಯಿಗೆ ತಂದುಕೊಳ್ಳತಕ್ಕ ವಿಷಯಗಳಲ್ಲವೆಂದು ಭಾವಿಸಿರುವ ಮಹನೀಯರು ನಮ್ಮ ಮೈಸೂರಿನಲ್ಲಿ ಕಡಮೆಯಿಲ್ಲ. ದೆಹಲಿಯ ಮಂತ್ರಿಮಂಡಲವನ್ನೂ ಬೆಂಗಳೂರಿನ ಕುರ್ಚಿಯ ಜಗಳವನ್ನೂ ಕುರಿತು ಜಗಲಿಯ ಮೇಲೆ ಕುಳಿತು ಗಂಟೆಗಟ್ಟಲೆ ಚರ್ಚಿಸುವವರು, ತಮ್ಮ ವಾರ್ಡಿನ ಸಂಖ್ಯೆಯೆಷ್ಟೆಂದು ಕೇಳಿದರೆ ತಲೆ ಕೆರೆದುಕೊಳ್ಳುವರು. ಆದರೆ ಪ್ರಜೆಯು ಸರ್ಕಾರವನ್ನು ಪ್ರತಿದಿನವೂ ಸಂಧಿಸುವ ಸ್ಥಳವು ಅವನ ಮನೆಯ ಹೊಸ್ತಿಲಿನಿಂದ ಹತ್ತು ಮಾರು ಆಚೆಗೆ ಇದೆ. ಅಲ್ಲಿ ಅವನ ಮಾತು ನಡೆಯದಿದ್ದರೆ ಮಿಕ್ಕ ಸ್ವರಾಜ್ಯವೆಲ್ಲವೂ ಅವನಿಗೆ ವರ್ತಮಾನಪತ್ರಿಕೆಯಲ್ಲಿ ಓದುವ ಸುದ್ದಿಯಾಗಿಯೇ ಉಳಿಯುವುದು.

ನಡೆದಿರುವ ಸಂಗತಿಯನ್ನು ವಾಚಕರ ಮುಂದಿಡುತ್ತೇವೆ. ಮೈಸೂರು ಮಹಾನಗರಪಾಲಿಕೆಯ 65 ವಾರ್ಡುಗಳಿಗೆ 2018ರ ಆಗಸ್ಟ್ ತಿಂಗಳ ಕೊನೆಯಲ್ಲಿ ಚುನಾವಣೆ ನಡೆಯಿತು. ಆ ಸಭೆಯ ಐದು ವರ್ಷದ ಅವಧಿಯು 2023ರ ನವೆಂಬರಿನಲ್ಲಿ ಮುಗಿಯಿತು. ಹಳೆಯ ಸಭೆಯು ಎದ್ದುಹೋದ ಮೇಲೆ ಹೊಸ ಸಭೆಯು ಬಂದು ಕೂರಲಿಲ್ಲ. 2024 ಕಳೆಯಿತು, 2025 ಕಳೆಯಿತು, ಮತಪೆಟ್ಟಿಗೆ ಬರಲಿಲ್ಲ. 2011ರ ಗಣತಿಯಲ್ಲಿಯೇ ಸುಮಾರು 9 ಲಕ್ಷ ಜನರಿದ್ದ ಈ ನಗರದ ಆಡಳಿತಾಧಿಕಾರಿಯ ಸ್ಥಾನವು ಪ್ರಾದೇಶಿಕ ಆಯುಕ್ತರ ಪಾಲಿಗೆ ಬಂದಿತು. ಪ್ರಾದೇಶಿಕ ಆಯುಕ್ತರೆಂದರೆ ಉಡುಪಿಯಿಂದ ಚಾಮರಾಜನಗರದವರೆಗೆ 8 ಜಿಲ್ಲೆಗಳ ವಿಭಾಗವನ್ನು ನೋಡಿಕೊಳ್ಳುವ ಅಧಿಕಾರಿಗಳು. ಅಷ್ಟು ದೊಡ್ಡ ಭಾರವನ್ನು ಹೊತ್ತವರ ಹೆಗಲಿಗೆ 65 ವಾರ್ಡುಗಳ ಓಣಿ ಓಣಿಯ ಅಹವಾಲನ್ನೂ ಹೇರುವುದು ಅವರಿಗೂ ನ್ಯಾಯವಲ್ಲ, ಪೌರರಿಗೂ ನ್ಯಾಯವಲ್ಲ.

ಇದು ದಯೆಯ ವಿಷಯವಲ್ಲ, ಕಾನೂನಿನ ವಿಷಯ. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು 243-ಯು ವಿಧಿಯಲ್ಲಿ ಎರಡು ಮಾತುಗಳನ್ನು ಸ್ಪಷ್ಟವಾಗಿ ಹೇಳಿದೆ. ಮೊದಲನೆಯದು, ಪೌರಸಭೆಯ ಅವಧಿಯು ಮೊದಲ ಸಭೆಯ ದಿನದಿಂದ ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ. ಎರಡನೆಯದು, ಆ ಅವಧಿಯು ತೀರುವ ಮುನ್ನವೇ ಮುಂದಿನ ಸಭೆಯ ಚುನಾವಣೆಯನ್ನು ಪೂರೈಸತಕ್ಕದ್ದು. 2006ರಲ್ಲಿ ಅಹಮದಾಬಾದಿನ ಮೊಕದ್ದಮೆಯಲ್ಲಿ, ಎಂದರೆ ಕಿಶನ್‌ಸಿಂಗ್ ತೋಮರ್ ಪ್ರಕರಣದಲ್ಲಿ, ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು ಈ ವಿಧಿಯನ್ನು ವಿಚಾರಮಾಡಿ, ವಾರ್ಡುಗಳ ಪುನರ್ವಿಂಗಡಣೆ ಮುಂತಾದ ಸಿದ್ಧತೆಗಳು ಮುಗಿದಿಲ್ಲವೆಂಬುದು ಚುನಾವಣೆಯನ್ನು ಮುಂದೆ ಹಾಕಲು ನೆವವಾಗಲಾರದೆಂದು ತೀರ್ಪಿತ್ತಿತು. 2022ರಲ್ಲಿ ಮಧ್ಯಪ್ರದೇಶದ ಮೊಕದ್ದಮೆಯಲ್ಲಿ, ಹಿಂದುಳಿದ ವರ್ಗಗಳ ಮೀಸಲಾತಿಯ ಲೆಕ್ಕವು ತೀರಿಲ್ಲವೆಂದು ಕೂಡ ಚುನಾವಣೆಯನ್ನು ತಡೆಯಕೂಡದೆಂದು ಅದೇ ನ್ಯಾಯಾಲಯವು ಅಪ್ಪಣೆ ಮಾಡಿತು. ಮೀಸಲಾತಿಯು ನ್ಯಾಯವಾದುದು, ಅವಶ್ಯವಾದುದು. ಆದರೆ ಐದು ವರ್ಷಕ್ಕೊಮ್ಮೆ ಬರುವುದೆಂದು ಮೊದಲೇ ಗೊತ್ತಿರುವ ತಿಥಿಗೆ ಅಡಿಗೆಯ ಸಾಮಾನನ್ನು ತಿಥಿಯ ದಿನ ಹುಡುಕುವ ಯಜಮಾನನನ್ನು ಏನೆನ್ನಬೇಕು?

ಬೆಂಗಳೂರಿನ ಕಥೆ ಇದಕ್ಕಿಂತ ಹಳೆಯದು. ಅಲ್ಲಿಯ ಪಾಲಿಕೆಯ ಅವಧಿಯು 2020ರ ಸೆಪ್ಟೆಂಬರಿನಲ್ಲಿ ಮುಗಿದು, ಐದು ವರ್ಷ ತುಂಬುವವರೆಗೆ ಚುನಾವಣೆಯಿಲ್ಲದೆಯೇ ನಡೆದು, 2025ರಲ್ಲಿ ಒಂದು ಪಾಲಿಕೆ ಐದಾಯಿತು. ರಾಜಧಾನಿಯಲ್ಲಿ ಒಗ್ಗಿಹೋದ ರೋಗವು ಉಳಿದ ಊರುಗಳಿಗೆ ಅಂಟದೆ ಇದ್ದೀತೆ?

ಇಷ್ಟಕ್ಕೂ ನಷ್ಟವೇನೆಂದು ಕೇಳುವವರು ಇದ್ದಾರೆ. ದೀಪ ಉರಿಯುತ್ತಿದೆ, ಕಸದ ಗಾಡಿ ಬರುತ್ತಿದೆ, ಅಧಿಕಾರಿಗಳು ವಿದ್ಯಾವಂತರು, ಸದಸ್ಯರ ಕಾಟ ತಪ್ಪಿತು ಎಂದು ಅವರ ವಾದ. ಈ ವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳೆವು. 2018ರ ಸಭೆಯಲ್ಲಿ ಯಾವ ಪಕ್ಷಕ್ಕೂ ಬಹುಮತವಿರಲಿಲ್ಲ. ಮಹಾಪೌರರ ಪದವಿಯು ವರ್ಷಕ್ಕೊಮ್ಮೆ ಕೈಬದಲಾಗುವಂಥಾದ್ದು; ಕೆಲಸವನ್ನು ಕಲಿಯುವಷ್ಟರಲ್ಲಿ ಇಳಿಯುವ ಹೊತ್ತು ಬರುವುದು. ಮೈತ್ರಿಗಳು ಕೂಡುವುದನ್ನೂ ಒಡೆಯುವುದನ್ನೂ ಊರು ನೋಡಿ ಬೇಸತ್ತಿದೆ. ಆದರೂ ನಾವು ಕೇಳುವುದೇನೆಂದರೆ, ಮನೆಯಲ್ಲಿ ಅಣ್ಣತಮ್ಮಂದಿರು ಜಗಳವಾಡಿದರೆಂದು ಮನೆಯನ್ನು ಊರ ಅಮಲ್ದಾರರಿಗೆ ಒಪ್ಪಿಸುವ ಪದ್ಧತಿ ಎಲ್ಲಿಯಾದರೂ ಉಂಟೆ? ಕೆಟ್ಟ ಸದಸ್ಯನಿಗೆ ಮದ್ದು ಮುಂದಿನ ಚುನಾವಣೆ. ಆ ಮದ್ದನ್ನೇ ಬೀರುವಿನಲ್ಲಿಟ್ಟು ಬೀಗ ಹಾಕಿದರೆ ರೋಗ ವಾಸಿಯಾಗುವುದು ಹೇಗೆ?

ನಷ್ಟವು ಕಣ್ಣಿಗೆ ಬೀಳದಂಥಾದ್ದು, ಆದರೆ ದೊಡ್ಡದು. ಪೌರರು ತೆತ್ತ ಆಸ್ತಿ ತೆರಿಗೆಯನ್ನು ಯಾವ ಬಡಾವಣೆಯ ಒಳಚರಂಡಿಗೆ ಮೊದಲು ವಿನಿಯೋಗಿಸಬೇಕು, ಯಾವುದಕ್ಕೆ ಆಮೇಲೆ, ಎಂಬ ತೀರ್ಮಾನವು ಸಭೆಯಲ್ಲಿ ಎದ್ದುನಿಂತು ಮಾಡತಕ್ಕದ್ದು. ಅಲ್ಲಿ ಒಬ್ಬನು ಪ್ರಶ್ನೆ ಕೇಳುತ್ತಾನೆ, ಮತ್ತೊಬ್ಬನು ಉತ್ತರ ಕೊಡುತ್ತಾನೆ, ಪತ್ರಿಕೆಯವರು ಬರೆದುಕೊಳ್ಳುತ್ತಾರೆ. ಆಡಳಿತಾಧಿಕಾರಿಯ ಕಾಲದಲ್ಲಿ ಸಭೆಯ ಅಧಿಕಾರವೆಲ್ಲವೂ ಅವರೊಬ್ಬರದೇ. ಆಯವ್ಯಯವನ್ನು ಮಂಡಿಸುವವರೂ ಅಧಿಕಾರಿಗಳು, ಒಪ್ಪುವವರೂ ಅಧಿಕಾರಿಗಳು. ತಪ್ಪು ಮಾಡಿದರೆಂದು ನಾವು ಆಕ್ಷೇಪಿಸುತ್ತಿಲ್ಲ. ತಪ್ಪೋ ಸರಿಯೋ ಎಂದು ಕೇಳುವ ಬಾಯಿಯೇ ಇಲ್ಲವಾಯಿತೆಂಬುದೇ ನಮ್ಮ ಆಕ್ಷೇಪಣೆ. ವಿದ್ಯಾವಂತನು ಅರ್ಜಿ ಬರೆದಾನು, ಮೊಬೈಲಿನಲ್ಲಿ ದೂರು ಕೊಟ್ಟಾನು. ವಿದ್ಯಾರಣ್ಯಪುರದ ಕಸದ ರಾಶಿಯ ಪಕ್ಕದಲ್ಲಿ ಬಾಳುವ ಕೂಲಿಯವನೂ, ದೂರದ ಬಡಾವಣೆಯಲ್ಲಿ ಟ್ಯಾಂಕರಿಗೆ ಕಾದು ನಿಂತ ತಾಯಿಯೂ ತಮ್ಮ ವಾರ್ಡಿನ ಸದಸ್ಯನ ಬಾಗಿಲನ್ನು ತಟ್ಟುವರು. ಆ ಬಾಗಿಲು ಮುಚ್ಚಿದಾಗ ಮೊದಲು ಕೆಡುವುದು ಇಂಥವರ ಗತಿ.

ವಾರ್ಡು ಸಮಿತಿಗಳ ಮಾತೂ ಹೀಗೆಯೇ. 3 ಲಕ್ಷಕ್ಕೆ ಮೇಲ್ಪಟ್ಟ ಜನಸಂಖ್ಯೆಯ ನಗರಗಳಲ್ಲಿ ಈ ಸಮಿತಿಗಳಿರಬೇಕೆಂದು ಸಂವಿಧಾನವೇ ವಿಧಿಸಿದೆ. ನಮ್ಮ ರಾಜ್ಯದ ಪೌರನಿಗಮಗಳ ಅಧಿನಿಯಮಕ್ಕೆ 2011ರಲ್ಲಿ ಆದ ತಿದ್ದುಪಡಿಯಂತೆ, ಪ್ರತಿ ವಾರ್ಡಿಗೂ ಸದಸ್ಯನ ಅಧ್ಯಕ್ಷತೆಯಲ್ಲಿ ಹತ್ತು ಮಂದಿಯ ಸಮಿತಿ. ಅದರಲ್ಲಿ ಕನಿಷ್ಠ ಮೂವರು ಸ್ತ್ರೀಯರು, ಪರಿಶಿಷ್ಟ ಜಾತಿ ಪಂಗಡಗಳ ಇಬ್ಬರು, ನಿವಾಸಿಗಳ ಸಂಘಗಳ ಇಬ್ಬರು. ಎಂಥಾ ಸುಂದರವಾದ ಏರ್ಪಾಡು! ಆದರೆ ಅಧ್ಯಕ್ಷನಾಗಬೇಕಾದ ಸದಸ್ಯನೇ ಇಲ್ಲದಿರುವಾಗ ಸಮಿತಿಯು ತಲೆಯಿಲ್ಲದ ಮುಂಡವಾಗುವುದಲ್ಲದೆ ಮತ್ತೇನು?

ಇಂಥಾ ಗತಿಯು ಬೇರೆ ಯಾವ ಊರಿಗೆ ಬಂದಿದ್ದರೂ ವಿಷಾದಕರವೇ. ಮೈಸೂರಿಗೆ ಬಂದದ್ದು ನಾಚಿಕೆಗೇಡು. ದಿವಾನ್ ರಂಗಾಚಾರ್ಲು ಅವರು 1881ರಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದ್ದು ಈ ಊರಿನಲ್ಲಿ. ಅವರ ಸ್ಮಾರಕವಾದ ಪುರಭವನವು 1884ರಿಂದ ದೊಡ್ಡ ಗಡಿಯಾರದ ಸಮೀಪದಲ್ಲಿ ನಿಂತಿದೆ. ಪ್ಲೇಗಿನ ಭೀತಿಯ ತರುವಾಯ 1903ರಲ್ಲಿ, ಊರನ್ನು ಯೋಜನೆಯಂತೆ ಬೆಳೆಸಬೇಕೆಂದು ನಗರಾಭಿವೃದ್ಧಿ ವಿಶ್ವಸ್ತ ಮಂಡಳಿಯನ್ನು ಕಟ್ಟಿದ್ದೂ ಇಲ್ಲಿಯೇ. 1947ರಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಮೈಸೂರು ಚಲೋ ಚಳವಳಿ ನಡೆದಾಗ ಗುಂಡಿಗೆ ಬಲಿಯಾದ ವಿದ್ಯಾರ್ಥಿಯ ಹೆಸರನ್ನು ರಾಮಸ್ವಾಮಿ ವೃತ್ತವು ಹೊತ್ತಿದೆ. ಆ ಹುಡುಗರು ಕೇಳಿದ್ದು ಒಳ್ಳೆಯ ಅಧಿಕಾರಿಗಳನ್ನಲ್ಲ. ಒಳ್ಳೆಯ ಅಧಿಕಾರಿಗಳು ಅಂದಿನ ಮೈಸೂರಿನಲ್ಲಿ ಬೇಕಾದಷ್ಟಿದ್ದರು. ಆಳುವವರು ಪ್ರಜೆಗಳಿಗೆ ಉತ್ತರ ಕೊಡಬೇಕೆಂಬುದು ಅವರ ಬೇಡಿಕೆಯಾಗಿತ್ತು.

ನಗರದ ಎಲ್ಲೆಯನ್ನು ಹಿಗ್ಗಿಸಿ, ಹೂಟಗಳ್ಳಿ ನಗರಸಭೆಯನ್ನೂ ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳದ ಪಟ್ಟಣ ಪಂಚಾಯಿತಿಗಳನ್ನೂ ಸೇರಿಸಿ ಬೃಹತ್ ಮೈಸೂರನ್ನು ಮಾಡಬೇಕೆಂಬ ಆಲೋಚನೆಯು ಎದ್ದಿತು. ಅದಕ್ಕೆ ನಮ್ಮ ವಿರೋಧವಿಲ್ಲ. ಊರು ಬೆಳೆದಿದೆ, ಹೊರವಲಯದವರಿಗೂ ನೀರು, ಒಳಚರಂಡಿ, ದೀಪ ಬೇಕು. ಆದರೆ ಮನೆಗೆ ಕೋಣೆ ಕಟ್ಟಿಸುವ ನೆವದಿಂದ ಮನೆಯವರನ್ನು ವರ್ಷಗಟ್ಟಲೆ ಬೀದಿಯಲ್ಲಿ ನಿಲ್ಲಿಸಬಾರದು. ಹೊಸದಾಗಿ ಸೇರುವವರ ಅಭಿಪ್ರಾಯವನ್ನು ಕೇಳಲಿಕ್ಕೂ ಒಂದು ಸಭೆ ಬೇಕಷ್ಟೆ?

ಪೌರರ ಕರ್ತವ್ಯವನ್ನೂ ಹೇಳದೆ ಬಿಡುವುದು ಪಕ್ಷಪಾತವಾದೀತು. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ 73 ನಗರಗಳ ಪೈಕಿ ಮೈಸೂರು ಮೊದಲನೆಯದಾಯಿತು. 2017ರಿಂದ ಆ ಪಟ್ಟವು ಇಂದೂರಿಗೆ ಹೋಯಿತು. ಕುಂಬಾರಕೊಪ್ಪಲಿನಲ್ಲಿ ನಾಗರಿಕರ ಒಕ್ಕೂಟವೊಂದು ಹಸಿ ಕಸವನ್ನು ಗೊಬ್ಬರಮಾಡಿ, ಒಣ ಕಸವನ್ನು ವಿಂಗಡಿಸಿ ಮಾರಿ, ಕಸವು ಹೊರೆಯಲ್ಲವೆಂದು ತೋರಿಸಿತು. ಅಂಥಾ ಕೆಲಸವು ಪ್ರತಿ ವಾರ್ಡಿನಲ್ಲಿಯೂ ಸಾಧ್ಯ. ಮನೆಯಲ್ಲಿ ಕಸವನ್ನು ಬೇರ್ಪಡಿಸಲು ಯಾವ ಚುನಾವಣೆಯನ್ನೂ ಕಾಯಬೇಕಾಗಿಲ್ಲ. 2012ರಿಂದ ನಡೆದುಬಂದಿರುವ ಸಕಾಲ ಕಾಯಿದೆಯಂತೆ, ನಿಗದಿಯಾದ ದಿನದೊಳಗೆ ಸೇವೆ ದೊರೆಯದಿದ್ದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರ ಕೇಳುವ ಹಕ್ಕು ಅರ್ಜಿದಾರನಿಗಿದೆ. ಅರ್ಜಿ ಕೊಟ್ಟಾಗ ಸಕಾಲದ ಸಂಖ್ಯೆಯನ್ನು ಕೇಳಿ ಪಡೆಯುವವರು ಎಷ್ಟು ಮಂದಿ?

ಉಪಾಧ್ಯಾಯ ವರ್ಗಕ್ಕೆ ನಮ್ಮದೊಂದು ವಿಶೇಷವಾದ ಬಿನ್ನಹ. ಸ್ಥಳೀಯ ಸಂಸ್ಥೆಗಳ ಅವಧಿ ಐದು ವರ್ಷವೆಂದು ತಾವು ಮಕ್ಕಳಿಗೆ ಪಾಠ ಹೇಳುತ್ತೀರಿ. ಹಾಗಾದರೆ ನಮ್ಮ ವಾರ್ಡಿನ ಸದಸ್ಯರು ಯಾರು ಸ್ವಾಮಿ, ಎಂದು ಜಾಣ ಹುಡುಗಿಯೊಬ್ಬಳು ಕೇಳಿದರೆ ಪಾಠವನ್ನು ಮುಂದಕ್ಕೆ ತಳ್ಳದಿರಿ. 2023ರಲ್ಲಿ ಏನಾಯಿತು, ಕಾನೂನು ಏನು ಹೇಳುತ್ತದೆ ಎಂಬುದನ್ನು ಇದ್ದದ್ದು ಇದ್ದಂತೆ ತಿಳಿಸಿರಿ.

ಸರ್ಕಾರದವರಲ್ಲಿ ನಾವು ಕೇಳುವುದು ಮೂರೇ ಮಾತು. ಪೌರಸಭೆಯ ಅವಧಿಯು ತೀರುವ ಒಂದು ವರ್ಷ ಮುಂಚೆಯೇ ವಾರ್ಡುಗಳ ಮತ್ತು ಮೀಸಲಾತಿಯ ಪಟ್ಟಿಯು ಪ್ರಕಟವಾಗಲಿ. ಆಡಳಿತಾಧಿಕಾರಿಯ ಕಾಲದ ಖರ್ಚುವೆಚ್ಚಗಳ ವಾರ್ಡುವಾರು ಲೆಕ್ಕವನ್ನು ಒಂಬತ್ತು ವಲಯ ಕಚೇರಿಗಳಲ್ಲಿಯೂ ಕನ್ನಡದಲ್ಲಿ ತೂಗುಹಾಕಲಿ. ಸಭೆಯು ಕೂಡಿದ ಕೂಡಲೆ ವಾರ್ಡು ಸಮಿತಿಗಳು ರಚಿತವಾಗಲಿ. ಮಹಾಜನರಲ್ಲಿ ಕೇಳುವುದು ಒಂದೇ ಮಾತು: ಈ ಮೂರನ್ನೂ ತಮ್ಮ ತಮ್ಮ ಬಡಾವಣೆಯ ಸಂಘದ ಮುಂದಿನ ಸಭೆಯಲ್ಲಿ ನಿರ್ಣಯವಾಗಿ ಬರೆದು, ರುಜು ಹಾಕಿ, ಶಾಸಕರಿಗೂ ರಾಜ್ಯ ಚುನಾವಣಾ ಆಯೋಗಕ್ಕೂ ಕಳುಹಿಸಿರಿ. ಒಂದು ಕಾಗದ ಬಂದರೆ ಬುಟ್ಟಿಗೆ ಬಿದ್ದೀತು; 65 ವಾರ್ಡುಗಳಿಂದಲೂ ಬಂದರೆ ಉತ್ತರ ಬರೆಯಲೇಬೇಕಾದೀತು.